ಪೊರೆಗೆ ಅಂಟಿದ ವರ್ಣತಂತುಗಳು: ಮಿಯಾಸಿಸ್‌ನ ಒಂದು ಹಳೆಯ ಪ್ರಶ್ನೆ

ಅಂಡಾಣು, ವೀರ್ಯಾಣು, ಪರಾಗ, ಶಿಲೀಂಧ್ರಗಳ ಬೀಜಾಣು ಇವೆಲ್ಲಕ್ಕೂ ಮೂಲ ಮಿಯಾಸಿಸ್ ಎಂಬ ಕೋಶವಿಭಜನೆ. ಈ ವಿಭಜನೆಯಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಯುವ ಮೊದಲು ತಾಯಿಯ ಕಡೆಯಿಂದ ಬಂದ ಪ್ರತಿಯೊಂದು ವರ್ಣತಂತುವೂ ತಂದೆಯ ಕಡೆಯಿಂದ ಬಂದ ತನ್ನ ಸಮಜಾತ ವರ್ಣತಂತುವನ್ನು ಪತ್ತೆ ಹಚ್ಚಬೇಕು, ಅದರೊಡನೆ ಉದ್ದಕ್ಕೂ ಜೋಡಿಯಾಗಬೇಕು, ಹೆಚ್ಚಿನ ಜೀವಿಗಳಲ್ಲಿ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳಲೂಬೇಕು. ಇದರಲ್ಲಿ ತಪ್ಪಾದರೆ ಅಂಡಾಣು ಅಥವಾ ವೀರ್ಯಾಣುವಿನಲ್ಲಿ ವರ್ಣತಂತುಗಳ ಲೆಕ್ಕ ಏರುಪೇರಾಗುತ್ತದೆ. ಡೌನ್ ಸಿಂಡ್ರೋಮ್‌ಗೂ ಬಹಳಷ್ಟು ಗರ್ಭಪಾತಗಳಿಗೂ ಇಂಥ ಏರುಪೇರೇ ಕಾರಣ.

ಈ ಹುಡುಕಾಟ ನಡೆಯುವಷ್ಟು ಹೊತ್ತು ವರ್ಣತಂತುಗಳು ಕೋಶಕೇಂದ್ರದೊಳಗೆ ಸ್ವತಂತ್ರವಾಗಿ ತೇಲಾಡುತ್ತಿರುವುದಿಲ್ಲ. ಮಿಯಾಸಿಸ್‌ನ ಮೊದಲ ಹಂತವಾದ ಲೆಪ್ಟೊಟೀನ್‌ನಲ್ಲೇ ಅವುಗಳ ತುದಿಗಳು, ಅಂದರೆ ಟೆಲೊಮಿಯರ್‌ಗಳು, ಕೋಶಕೇಂದ್ರದ ಪೊರೆಯ ಒಳಮೈಗೆ ಬಂದು ಅಂಟಿಕೊಳ್ಳುತ್ತವೆ. ಮನುಷ್ಯನಲ್ಲಿ 46 ವರ್ಣತಂತುಗಳ 92 ತುದಿಗಳು, ಇಲಿಯಲ್ಲಿ 40 ವರ್ಣತಂತುಗಳ 80 ತುದಿಗಳು. ಮುಂದಿನ ಝೈಗೊಟೀನ್ ಹಂತದಲ್ಲಿ ಈ ತುದಿಗಳು ಪೊರೆಯ ಮೇಲೆಯೇ ಸರಿದಾಡುತ್ತಾ ಒಂದು ಮಗ್ಗುಲಿಗೆ ಗುಂಪುಗೂಡುತ್ತವೆ. ಪ್ಯಾಕಿಟೀನ್ ಹೊತ್ತಿಗೆ ಗುಂಪು ಚದುರುತ್ತದೆ, ಆದರೆ ಅಂಟು ಬಿಡುವುದಿಲ್ಲ. ಜೋಡಣೆಯೂ ಅದಲುಬದಲೂ ಮುಗಿದ ಮೇಲಷ್ಟೇ ತುದಿಗಳು ಪೊರೆಯಿಂದ ಕಳಚಿಕೊಳ್ಳುತ್ತವೆ.

ಇಷ್ಟರ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. ತಕರಾರಿರುವುದು ಈ ಅಂಟುವಿಕೆಯ ಉದ್ದೇಶದ ಬಗ್ಗೆ. ತುದಿಗಳನ್ನು ಒಂದೆಡೆ ಸೇರಿಸುವುದೇ ಅದರ ಕೆಲಸವೋ, ಹೊರಗಿನ ಬಲದಿಂದ ವರ್ಣತಂತುಗಳನ್ನು ಅಲುಗಾಡಿಸಲು ಅದು ಹಿಡಿಕೆಯೋ, ಅಥವಾ ಜೋಡಿ ಸರಿಯಾಗಿದೆಯೇ ಎಂದು ತಪಾಸಣೆ ಮಾಡುವ ಠಾಣೆಯೋ? ಒಂದು ಶತಮಾನಕ್ಕೂ ಮಿಕ್ಕಿದ ಈ ಚರ್ಚೆಯಲ್ಲಿ ಮೂರಕ್ಕೂ ಸಾಕ್ಷ್ಯವಿದೆ. ಯಾವುದೂ ಎಲ್ಲ ಜೀವಿಗಳಿಗೆ ಒಪ್ಪುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಂಡ ಗುಚ್ಛ

1885ರಲ್ಲಿ ಕಾರ್ಲ್ ರಾಬ್ಲ್ ಸಾಲಮಾಂಡರ್ ಕೋಶಗಳನ್ನು ಪರಿಶೀಲಿಸಿ, ಕೋಶಕೇಂದ್ರದೊಳಗೆ ವರ್ಣತಂತುಗಳು ಒಂದು ದಿಕ್ಕಿಗೆ ಮುಖ ಮಾಡಿಕೊಂಡಿರುತ್ತವೆ ಎಂದು ತೋರಿಸಿದರು. ಅದು ಸಾಮಾನ್ಯ ಕೋಶಗಳ ಮಾತು. ಹಿಂದಿನ ವಿಭಜನೆಯಲ್ಲಿ ವರ್ಣತಂತುಗಳನ್ನು ಎಳೆಯಲು ಹಿಡಿಕೆಯಾಗುವ ಸೆಂಟ್ರೊಮಿಯರ್‌ಗಳು ಒಂದು ಧ್ರುವದ ಕಡೆಗೆ ಎಳೆಯಲ್ಪಟ್ಟಿದ್ದವು. ಆ ಭಂಗಿಯೇ ಉಳಿದುಕೊಂಡಿರುತ್ತದೆ. ಮಿಯಾಸಿಸ್‌ನಲ್ಲಿ ಆಗುವುದು ಬೇರೆ. ಇಲ್ಲಿ ಗುಂಪುಗೂಡುವುದು ಸೆಂಟ್ರೊಮಿಯರ್‌ಗಳಲ್ಲ, ತುದಿಗಳು. ಅದೂ ಹಳೆಯ ಭಂಗಿಯ ಉಳಿಕೆಯಲ್ಲ, ಕೋಶ ಹೊಸದಾಗಿ ಕೈಗೊಂಡ ಕೆಲಸ. 1900ರಲ್ಲಿ ಗುಸ್ತಾವ್ ಐಸೆನ್ ಬ್ಯಾಟ್ರಕೊಸೆಪ್ಸ್ ಎಂಬ ಸಾಲಮಾಂಡರ್‌ನ ವೀರ್ಯಕೋಶಗಳಲ್ಲಿ ಈ ನೋಟವನ್ನು ವರ್ಣಿಸಿ ಅದಕ್ಕೆ ಪುಷ್ಪಗುಚ್ಛ ಎಂಬ ಹೆಸರು ಕೊಟ್ಟರು. ಪೊರೆಯ ಒಂದೇ ಜಾಗದಲ್ಲಿ ತೊಟ್ಟುಗಳಂತೆ ಸೇರಿದ ತುದಿಗಳು, ಅಲ್ಲಿಂದ ಕೋಶಕೇಂದ್ರದ ಒಡಲಿಗೆ ಹರಡಿಕೊಂಡ ಕುಣಿಕೆಗಳು. ಹೆಸರು ಇಂದಿಗೂ ಬಳಕೆಯಲ್ಲಿದೆ.

ಮುಂದಿನ ದಶಕಗಳಲ್ಲಿ ಕೀಟ, ಹುಳು, ಸಸ್ತನಿ, ಸಸ್ಯಗಳಲ್ಲೆಲ್ಲ ಗುಚ್ಛ ಕಾಣಿಸಿತು. ಸಂಶಯವೂ ಜೊತೆಗೇ ಬಂತು. ಆಗ ಕೋಶಗಳನ್ನು ರಾಸಾಯನಿಕದಲ್ಲಿ ಸಾಯಿಸಿ, ಬಣ್ಣ ಹಾಕಿ ನೋಡಬೇಕಿತ್ತು. ವರ್ಣತಂತುಗಳು ಒಂದು ಕಡೆ ಮುದುಡಿ ಕಾಣುವುದು ಆ ರಾಸಾಯನಿಕದ ಪರಿಣಾಮವಿರಬಹುದೆಂದು ಹಲವರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ ಆಗಿತ್ತು, ಕೆಲವು ಜೀವಿಗಳಲ್ಲಿ ಅದು ನಿಜವೂ ಆಗಿತ್ತು.

ತುದಿಗಳಿಗೆ ತಮ್ಮದೇ ವಿಶೇಷತೆ ಉಂಟೆಂಬುದು ಬೇರೊಂದು ದಾರಿಯಿಂದ ತಿಳಿಯಿತು. ಹಣ್ಣುನೊಣದ ಮೇಲೆ ಕೆಲಸ ಮಾಡುತ್ತಿದ್ದ ಹರ್ಮನ್ ಮುಲ್ಲರ್ 1938ರಲ್ಲಿ ಟೆಲೊಮಿಯರ್ ಎಂಬ ಹೆಸರಿಟ್ಟರು. ಅದೇ ಕಾಲದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ, ಮುರಿದ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಸಹಜ ತುದಿಗಳು ಬೆಸೆದುಕೊಳ್ಳುವುದಿಲ್ಲ ಎಂದು ತೋರಿಸಿದರು. 1956ರಲ್ಲಿ ಮಾಂಟ್ರೋಸ್ ಮೋಸೆಸ್ ಮತ್ತು ಡಾನ್ ಫಾಸೆಟ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಜೋಡಿಯಾದ ವರ್ಣತಂತುಗಳ ನಡುವೆ ಓಡುವ ಏಣಿಯಾಕಾರದ ರಚನೆಯೊಂದನ್ನು ಕಂಡರು. ಸಿನಾಪ್ಟೊನೀಮಲ್ ಕಾಂಪ್ಲೆಕ್ಸ್ ಎಂದು ಅದರ ಹೆಸರು. ಮುಂದೆ ಈ ಏಣಿಯ ಎರಡೂ ಕೊನೆಗಳನ್ನು ಹಿಂಬಾಲಿಸಿದಾಗ, ಅವು ಪೊರೆಯ ಒಳಪದರದಲ್ಲಿ ದಪ್ಪಗಾದ ಒಂದು ಫಲಕದಲ್ಲಿ ಹೋಗಿ ಮುಗಿಯುವುದು ಕಂಡಿತು. ರಾಸಾಯನಿಕದ ಆಕ್ಷೇಪಕ್ಕೆ ಇದರಿಂದ ಉತ್ತರ ದೊರೆಯಿತು. ಆದರೆ ಆ ಫಲಕದಲ್ಲಿ ಏನಿದೆ ಎಂದು ತಿಳಿಯಲು ಇನ್ನೂ ಹಲವು ದಶಕ ಕಾಯಬೇಕಾಯಿತು.

ಚರ್ಚೆಯ ದಿಕ್ಕು ಬದಲಿಸಿದ್ದು 1994ರ ಒಂದು ಜಪಾನೀ ಸಂಶೋಧನೆ. ಚಿಕಾಶಿಗೆ, ಹಿರಾವೊಕ, ಯಾನಾಗಿದ ಮತ್ತು ಸಂಗಡಿಗರು ವಿದಳನ ಯೀಸ್ಟ್‌ನ ಜೀವಂತ ಕೋಶದಲ್ಲೇ ಮಿಯಾಸಿಸ್ ನೋಡಿದರು. ಈ ಯೀಸ್ಟ್‌ನ ಒಂದು ಜೊತೆಯಲ್ಲಿ ಇರುವುದು 3 ವರ್ಣತಂತುಗಳು ಮಾತ್ರ. ಎರಡು ಕೋಶಗಳು ಕೂಡಿ ಕೋಶಕೇಂದ್ರಗಳು ಒಂದಾಗುವ ಹೊತ್ತಿಗೆ ಟೆಲೊಮಿಯರ್‌ಗಳೆಲ್ಲ ಕದಿರುಧ್ರುವದ (ವಿಭಜನೆಯಲ್ಲಿ ವರ್ಣತಂತುಗಳನ್ನು ಎಳೆಯುವ ಕದಿರಿನ ಬುಡದ) ಬಳಿ ಒಟ್ಟಾಗುತ್ತವೆ. ಅದುವರೆಗೆ ಆ ಜಾಗದಲ್ಲಿದ್ದ ಸೆಂಟ್ರೊಮಿಯರ್‌ಗಳು ಅಲ್ಲಿಂದ ಬಿಟ್ಟುಕೊಳ್ಳುತ್ತವೆ. ಆಮೇಲೆ ಇಡೀ ಕೋಶಕೇಂದ್ರ ಉದ್ದಕ್ಕೆ ಎಳೆದುಕೊಂಡು, ತುದಿಗಳ ಗುಂಪೇ ಮುಂದಾಗಿ, ಕೋಶದ ಈ ಕೊನೆಯಿಂದ ಆ ಕೊನೆಗೆ ಗಂಟೆಗಟ್ಟಲೆ ಓಡಾಡುತ್ತದೆ. ಎಳೆಯುವುದು ಡೈನೀನ್ ಎಂಬ ಮೋಟಾರು ಪ್ರೋಟೀನು, ಹಳಿಯಾಗುವುದು ಸೂಕ್ಷ್ಮನಾಳಿಕೆಗಳು. ನಿಶ್ಚಲ ಚಿತ್ರಗಳಲ್ಲಿ ಗುಂಪು ಮಾತ್ರ ಕಂಡಿತ್ತು. ಜೀವಂತ ಕೋಶದಲ್ಲಿ ಚಲನೆ ಕಂಡಿತು. ಈ ವಿಷಯದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ಕೊಂಡಿಯ ಒಳರಚನೆ

ಕೋಶಕೇಂದ್ರದ ಪೊರೆಯಲ್ಲಿ ಎರಡು ಪದರಗಳಿವೆ. ಬಲ ಹುಟ್ಟುವುದು ಹೊರಗಿನ ಕೋಶರಸದಲ್ಲಿ, ವರ್ಣತಂತು ಇರುವುದು ಒಳಗೆ. ಆದ್ದರಿಂದ ಎರಡೂ ಪದರಗಳನ್ನು ದಾಟುವ ಕೊಂಡಿಯೊಂದು ಬೇಕು. ಯೀಸ್ಟ್‌ನಿಂದ ಸಸ್ತನಿಯವರೆಗೆ ಈ ಕೊಂಡಿಯ ನಡುಭಾಗ ಒಂದೇ ಮಾದರಿಯದು. ಒಳಪದರದಲ್ಲಿ ಸನ್ ಕುಟುಂಬದ ಪ್ರೋಟೀನು, ಹೊರಪದರದಲ್ಲಿ ಕ್ಯಾಶ್ ಕುಟುಂಬದ ಪ್ರೋಟೀನು. ಎರಡೂ ಪದರಗಳ ನಡುವಿನ ಕಿರಿದಾದ ಜಾಗದಲ್ಲಿ ಅವು ಪರಸ್ಪರ ಹಿಡಿದುಕೊಳ್ಳುತ್ತವೆ. ಕ್ಯಾಶ್‌ನ ಹೊರತುದಿ ಕೋಶದ ಮೋಟಾರು ವ್ಯವಸ್ಥೆಗೆ ಕಟ್ಟಿಕೊಳ್ಳುತ್ತದೆ.

ಇಲಿಯಲ್ಲಿ ಈ ಯಂತ್ರದ ಬಿಡಿಭಾಗಗಳು ಒಂದೊಂದಾಗಿ ಪತ್ತೆಯಾದವು. 2007ರಲ್ಲಿ ಸನ್1 ಇಲ್ಲದ ಇಲಿಗಳು ಬದುಕುತ್ತವೆ, ಆದರೆ ಗಂಡೂ ಹೆಣ್ಣೂ ಸಂತಾನಹೀನ ಎಂದು ತಿಳಿಯಿತು. 2012ರಲ್ಲಿ ಕ್ಯಾಶ್5 ಸಿಕ್ಕಿತು. ಅದಿಲ್ಲದ ಇಲಿಗಳ ಗತಿಯೂ ಅದೇ. ಹತ್ತು ವರ್ಷಗಳ ನಂತರ ಬಂದ ಪ್ರಯೋಗಗಳು ಇನ್ನೊಂದು ಸಂಗತಿ ಸೇರಿಸಿದವು: ಕ್ಯಾಶ್5 ಡೈನೀನ್ ಅನ್ನು ಹಿಡಿದುಕೊಳ್ಳುವುದಷ್ಟೇ ಅಲ್ಲ, ಅದನ್ನು ಚಾಲೂ ಕೂಡ ಮಾಡುತ್ತದೆ.

ಸನ್1 ಪೊರೆಯಲ್ಲಿದೆ, ಡಿಎನ್‌ಎ ಒಳಗಿದೆ. ಇವೆರಡನ್ನು ಬೆಸೆಯುವುದು ಯಾವುದು? ಇದಕ್ಕೆ ಉತ್ತರ ಕೊಟ್ಟದ್ದು ಹಿರೊಕಿ ಶಿಬುಯ ಮತ್ತು ಯೊಶಿನೊರಿ ವಾತಾನಾಬೆ ಅವರ ತಂಡ. 2014ರಲ್ಲಿ ಟರ್ಬ್1, 2015ರಲ್ಲಿ ಟರ್ಬ್2 ಮತ್ತು ಮಾಜಿನ್ ಎಂಬ ಪ್ರೋಟೀನುಗಳನ್ನು ಅವರು ವರದಿ ಮಾಡಿದರು. ಮಾಜಿನ್ ತನ್ನ ಒಂದು ತುದಿಯಿಂದ ಪೊರೆಯ ಒಳಪದರದಲ್ಲಿ ನೆಟ್ಟುಕೊಂಡಿರುತ್ತದೆ, ಇನ್ನೊಂದರಿಂದ ಡಿಎನ್‌ಎಯನ್ನು ಹಿಡಿಯುತ್ತದೆ. ಅವರು ಮುಂದಿಟ್ಟ ವಿವರಣೆ ಹೀಗಿದೆ. ಸಾಮಾನ್ಯ ಕೋಶದಲ್ಲಿ ಟೆಲೊಮಿಯರ್ ಅನ್ನು ಕಾಯುವುದು ಶೆಲ್ಟೆರಿನ್ ಎಂಬ ಪ್ರೋಟೀನು ಕವಚ. ಮಿಯಾಸಿಸ್‌ನ ಆರಂಭದಲ್ಲಿ ಈ ಕವಚದ ಟಿಆರ್‌ಎಫ್1 ಎಂಬ ಭಾಗ ಟರ್ಬ್1ಕ್ಕೆ ತಗಲಿಕೊಂಡು ತುದಿಯನ್ನು ಪೊರೆಯ ಬಳಿಗೆ ತರುತ್ತದೆ. ಅನಂತರ ಕವಚವು ಡಿಎನ್‌ಎಯ ತುದಿಯಿಂದ ಪಕ್ಕಕ್ಕೆ ಸರಿದು ಸುತ್ತಲೂ ಉಂಗುರದಂತೆ ನಿಲ್ಲುತ್ತದೆ, ನಡುವಿನ ಜಾಗವನ್ನು ಟರ್ಬ್–ಮಾಜಿನ್ ಗುಂಪು ತುಂಬುತ್ತದೆ. ಅಂದರೆ ಮಿಯಾಸಿಸ್‌ನ ಅಷ್ಟು ಹೊತ್ತಿಗೆ ತುದಿಯ ಟೊಪ್ಪಿಗೆಯೇ ಬದಲಾಗುತ್ತದೆ.

ಈ ವಿವರಣೆ ಪೂರ್ತಿ ಒಪ್ಪಿತವಾಗಿಲ್ಲ. ಟರ್ಬ್1ರಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಿಸಿ, ಅದು ಟಿಆರ್‌ಎಫ್1 ಅನ್ನು ಹಿಡಿಯಲಾಗದಂತೆ ಮಾಡಿದ ಇಲಿಗಳ ವರದಿ 2017ರಲ್ಲಿ ಬಂತು. ಟಿಆರ್‌ಎಫ್1 ಮೂಲಕವೇ ತುದಿ ಪೊರೆಗೆ ಬರುವುದಾದರೆ ಇವುಗಳಲ್ಲಿ ಇಡೀ ವ್ಯವಸ್ಥೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಸಂತಾನಹೀನವಾದದ್ದು ಗಂಡು ಮಾತ್ರ. ಮಿಕ್ಕ ವರ್ಣತಂತುಗಳ ತುದಿಗಳಲ್ಲಿ ಕಂಡದ್ದು ಸಣ್ಣಪುಟ್ಟ ದೋಷ, ಜೋಡಿಯಾಗದೆ ಉಳಿದದ್ದು ಮುಖ್ಯವಾಗಿ ಎಕ್ಸ್ ಮತ್ತು ವೈ. ಹಾಗಾದರೆ ತುದಿ ಪೊರೆಗೆ ಬರಲು ಟಿಆರ್‌ಎಫ್1 ಅಲ್ಲದೆ ಬೇರೆ ದಾರಿಯೂ ಇರಬೇಕು.

ಈ ಪಟ್ಟಿಯಲ್ಲಿ ಅಚ್ಚರಿಯ ಹೆಸರೆಂದರೆ ಸಿಡಿಕೆ2. ಎಲ್ಲ ಕೋಶಗಳ ವಿಭಜನೆಗೂ ಇದು ಅನಿವಾರ್ಯ ಎಂದು ಜೀವಶಾಸ್ತ್ರಜ್ಞರು ನಂಬಿದ್ದರು. 2003ರಲ್ಲಿ ಸಿಡಿಕೆ2 ಇಲ್ಲದ ಇಲಿಗಳನ್ನು ರೂಪಿಸಿದಾಗ ಅವು ಆರೋಗ್ಯವಾಗಿ ಬೆಳೆದವು, ಮರಿ ಮಾತ್ರ ಹಾಕಲಿಲ್ಲ. ಕಾರಣ ಸ್ಪಷ್ಟವಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಸ್ಪೀಡಿ ಎ ಎಂಬ ಜೊತೆಗಾರ ಪ್ರೋಟೀನು ಸಿಡಿಕೆ2 ಅನ್ನು ಟೆಲೊಮಿಯರ್‌ಗೆ ಕರೆದೊಯ್ಯುತ್ತದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ತುದಿಗಳು ಪೊರೆಗೆ ಸರಿಯಾಗಿ ಅಂಟುವುದಿಲ್ಲ.

ಯೀಸ್ಟ್‌ಗಳಲ್ಲಿ ನಡುಭಾಗ ಇದೇ ಆದರೂ ಒಳಕೊಂಡಿ ಬೇರೆ. ವಿದಳನ ಯೀಸ್ಟ್‌ನಲ್ಲಿ ಬಿಕ್ಯುಟಿ1, ಬಿಕ್ಯುಟಿ2 ಎಂಬ ಪ್ರೋಟೀನುಗಳು ಟೆಲೊಮಿಯರ್‌ನ ರಾಪ್1 ಅನ್ನು ಸನ್ ಕುಟುಂಬದ ಸ್ಯಾಡ್1ಕ್ಕೆ ಜೋಡಿಸುತ್ತವೆ. ಮೊಗ್ಗು ಯೀಸ್ಟ್‌ನಲ್ಲಿ ಆ ಕೆಲಸ ಎನ್‌ಡಿಜೆ1ರದ್ದು. ಅಲ್ಲಿ ಎಳೆಯುವ ಬಲವೂ ಡೈನೀನ್‌ನಿಂದ ಬರುವುದಿಲ್ಲ, ಕೋಶಕೇಂದ್ರವನ್ನು ಅಪ್ಪಿಕೊಂಡಿರುವ ಆಕ್ಟಿನ್ ಎಳೆಗಳಿಂದ ಬರುತ್ತದೆ. 2008ರಲ್ಲಿ ನ್ಯಾನ್ಸಿ ಕ್ಲೆಕ್ನರ್ ತಂಡ ಇದನ್ನು ಸ್ಪಷ್ಟವಾಗಿ ತೋರಿಸಿತು.

ರೂಢಿ ತಪ್ಪಿದ ಜೀವಿಗಳು

ಸಿ. ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿ ಪೊರೆಗೆ ಅಂಟುವುದು ಟೆಲೊಮಿಯರ್ ಅಲ್ಲ. ಪ್ರತಿ ವರ್ಣತಂತುವಿನ ಒಂದು ತುದಿಯ ಬಳಿ ಜೋಡಣಾ ಕೇಂದ್ರ ಎಂಬ ಭಾಗವಿದೆ. ಅಲ್ಲಿರುವ ಚಿಕ್ಕ ಡಿಎನ್‌ಎ ಸರಣಿಗಳನ್ನು ಗುರುತಿಸುವ ಪ್ರೋಟೀನುಗಳೇ ಬೇರೆ. ಎಕ್ಸ್ ವರ್ಣತಂತುವಿಗೆ ಹಿಮ್-8, ಉಳಿದ ಐದಕ್ಕೆ ಝಿಮ್ ಕುಟುಂಬದ ಮೂರು. ಆದರೆ ಅವು ಹೋಗಿ ಸೇರುವುದು ಸನ್-1ಕ್ಕೆ, ಅದರಾಚೆ ಝಿಗ್-12ಕ್ಕೆ, ಅದರ ಮೂಲಕ ಡೈನೀನ್‌ಗೆ. ಒಳಕೊಂಡಿ ಪೂರ್ತಿ ಬದಲಾದರೂ ಪೊರೆಯಲ್ಲಿರುವ ಕೊಂಡಿ ಬದಲಾಗಿಲ್ಲ.

ಅರಬಿಡಾಪ್ಸಿಸ್ ಸಸ್ಯದಲ್ಲಿ ಟೆಲೊಮಿಯರ್‌ಗಳು ಮೊದಲು ಕಿರುಕೇಂದ್ರದ ಸುತ್ತ ಸೇರುತ್ತವೆ. ಪೊರೆಯ ಕಡೆಗೆ ಬರುವುದು ಆಮೇಲೆ, ಸ್ಪಷ್ಟ ಗುಚ್ಛವೂ ಕಾಣುವುದಿಲ್ಲ. ಮೆಕ್ಕೆಜೋಳದಲ್ಲಾದರೋ ಗುಚ್ಛ ಢಾಳಾಗಿ ಕಾಣುತ್ತದೆ. ಟೆಟ್ರಹೈಮಿನ ಎಂಬ ಏಕಕೋಶ ಜೀವಿ ಎಲ್ಲವನ್ನೂ ಮೀರಿಸಿದೆ. ಅದರ ಕಿರಿಯ ಕೋಶಕೇಂದ್ರ ದಾರದಂತೆ ಹಿಗ್ಗಿ ಕೋಶದ ಎರಡರಷ್ಟು ಉದ್ದವಾಗುತ್ತದೆ, ಒಂದು ಕೊನೆಯಲ್ಲಿ ಟೆಲೊಮಿಯರ್‌ಗಳು, ಇನ್ನೊಂದರಲ್ಲಿ ಸೆಂಟ್ರೊಮಿಯರ್‌ಗಳು. ಹಣ್ಣುನೊಣದಲ್ಲಿ ಟೆಲೊಮಿಯರ್ ಗುಚ್ಛವೇ ಇಲ್ಲ. ಅಲ್ಲಿ ಜೋಡಣೆ ಮಿಯಾಸಿಸ್‌ಗೆ ಮೊದಲೇ ಆರಂಭವಾಗುತ್ತದೆ, ಅದರಲ್ಲಿ ಸೆಂಟ್ರೊಮಿಯರ್‌ಗಳು ಮುಂದಾಗುತ್ತವೆ. ಹಾಗಿದ್ದೂ 2015ರಲ್ಲಿ ಅಲ್ಲೂ ಸನ್–ಕ್ಯಾಶ್ ಕೊಂಡಿ ಮತ್ತು ಸೂಕ್ಷ್ಮನಾಳಿಕೆಗಳ ಪಾತ್ರ ಪತ್ತೆಯಾಯಿತು.

ಈ ಅಪವಾದಗಳನ್ನು ಬದಿಗೆ ಸರಿಸಿ ಮಾತನಾಡುವ ವಾದ ಯಾವುದೂ ನಿಲ್ಲಲಾರದು. ಟೆಲೊಮಿಯರ್ ಇಲ್ಲದೆಯೂ, ಗುಚ್ಛ ಇಲ್ಲದೆಯೂ ಜೋಡಣೆ ಸಾಧ್ಯ. ಕೊಂಡಿ ಮತ್ತು ಬಲ, ಇವೆರಡು ಮಾತ್ರ ಬಹುತೇಕ ಎಲ್ಲೆಡೆ ಉಳಿದುಕೊಂಡಿವೆ.

ಗುಂಪುಗೂಡಿಸುವ ವಾದ

ಹಳೆಯ ಹಾಗೂ ಪಠ್ಯಪುಸ್ತಕಗಳಲ್ಲಿ ಇಂದಿಗೂ ಮೊದಲು ಸಿಗುವ ವಿವರಣೆ ಇದು. ಕೋಶಕೇಂದ್ರದ ಇಡೀ ಒಡಲಿನಲ್ಲಿ ಜೋಡಿ ಹುಡುಕುವುದು ಕಷ್ಟ. ತುದಿಗಳನ್ನು ಪೊರೆಗೆ ತಂದರೆ ಹುಡುಕಾಟ ಒಂದು ಮೈಮೇಲಿನ ಹುಡುಕಾಟವಾಗುತ್ತದೆ, ಗುಂಪುಗೂಡಿಸಿದರೆ ಇನ್ನೂ ಸುಲಭ. ತುದಿಗಳು ಹತ್ತಿರವಾದರೆ ಅವುಗಳ ಹಿಂದಿನ ಭಾಗಗಳೂ ಸಾಲಾಗಿ ಬರುತ್ತವೆ. ವಿದಳನ ಯೀಸ್ಟ್ ಈ ವಾದಕ್ಕೆ ಬಲವಾದ ಆಧಾರ. 1998ರಲ್ಲಿ ಟೆಲೊಮಿಯರ್‌ನ ಟಾಜ್1 ಪ್ರೋಟೀನನ್ನು ತೆಗೆದುಹಾಕಿದಾಗ ಗುಚ್ಛ ಕೆಟ್ಟಿತು, ಸಮಜಾತ ವರ್ಣತಂತುಗಳ ನಡುವಿನ ಅದಲುಬದಲು ತೀರಾ ಕುಗ್ಗಿತು.

ಇದರ ಒಂದು ಕವಲು ತುದಿಗಳ ರಸಾಯನದ ಮೇಲೆ ನಿಂತಿದೆ. ಟೆಲೊಮಿಯರ್ ಡಿಎನ್‌ಎಯಲ್ಲಿ ಗ್ವಾನಿನ್ ಹೆಚ್ಚು. ಅಂಥ ಎಳೆಗಳು ನಾಲ್ಕು ಸೇರಿ ಒಂದು ಕಟ್ಟಾಗಬಲ್ಲವು, ಅದು ಮಿಯಾಸಿಸ್‌ನಲ್ಲಿ ವರ್ಣತಂತುಗಳನ್ನು ಒಟ್ಟುಗೂಡಿಸಬಹುದು ಎಂದು 1988ರಲ್ಲಿ ದೀಪಂಕರ್ ಸೇನ್ ಮತ್ತು ವಾಲ್ಟರ್ ಗಿಲ್ಬರ್ಟ್ ಸೂಚಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರ ಪ್ರಯೋಗಾಲಯ ಯೀಸ್ಟ್‌ನ ಹಾಪ್1 ಪ್ರೋಟೀನು ಇಂಥ ಕಟ್ಟುಗಳನ್ನು ಬೆಂಬಲಿಸುತ್ತದೆಂದು ತೋರಿಸಿತು. ಅದು ಪ್ರನಾಳದಲ್ಲಿ ನಡೆದ ಕೆಲಸ; ಜೀವಂತ ಕೋಶದಲ್ಲಿ ಇದರ ಪಾಲು ಎಷ್ಟೆಂಬುದು ತೀರ್ಮಾನವಾಗಿಲ್ಲ. ಜೊತೆಗೆ ಟೆಲೊಮಿಯರ್ ಸರಣಿ ಎಲ್ಲ ವರ್ಣತಂತುಗಳಲ್ಲೂ ಒಂದೇ. ಅದು ಹತ್ತಿರ ತರಬಹುದು, ಇಂಥದೇ ಜೋಡಿ ಎಂದು ಗುರುತಿಸಲಾರದು.

ಗುಂಪುಗೂಡಿಸುವ ವಾದಕ್ಕೆ ದೊಡ್ಡ ತೊಡಕು ಮೊಗ್ಗು ಯೀಸ್ಟ್‌ನಿಂದ ಬಂತು. ಎನ್‌ಡಿಜೆ1 ಇಲ್ಲದಿದ್ದರೆ ಗುಚ್ಛ ಮೂಡುವುದಿಲ್ಲ. ಆದರೂ 16 ಜೋಡಿಗಳಲ್ಲಿ ಹೆಚ್ಚಿನವು ತಡವಾಗಿಯಾದರೂ ಒಂದಾಗುತ್ತವೆ. ಗುಚ್ಛವೇ ಜೋಡಿ ಮಾಡಿಸುವುದಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಅಲುಗಾಟದ ವಾದ

ಎರಡನೆಯ ಪಂಥದ ಪ್ರಕಾರ ಅಂಟುವಿಕೆಯ ಫಲ ಗುಂಪಲ್ಲ, ಚಲನೆ. ಗುಂಪು ಆ ಚಲನೆಯ ಒಂದು ಗಳಿಗೆಯ ನೋಟ ಮಾತ್ರ. ತುದಿ ಹಿಡಿದು ಎಳೆದಾಡಿದಾಗ ವರ್ಣತಂತುಗಳು ಒಂದರ ಪಕ್ಕ ಇನ್ನೊಂದು ಹಾದುಹೋಗುತ್ತವೆ, ಭೇಟಿಗಳು ಹೆಚ್ಚುತ್ತವೆ. ಅದಕ್ಕಿಂತ ಮುಖ್ಯವಾದದ್ದು, ತಪ್ಪು ಭೇಟಿಗಳು ಬಿಡಿಸಿಕೊಳ್ಳುತ್ತವೆ. ಸಮಜಾತವಲ್ಲದವುಗಳ ನಡುವಿನ ಹಿಡಿತ ದುರ್ಬಲ, ಎಳೆತಕ್ಕೆ ಕಿತ್ತುಬರುತ್ತದೆ. ಸರಿಯಾದ ಜೋಡಿಯ ಹಿಡಿತ ಉಳಿಯುತ್ತದೆ.

ಇದಕ್ಕೆ ಹೊಂದಿಕೊಂಡಿರುವ ಇನ್ನೊಂದು ವಿವರಣೆ ಸಿಕ್ಕುಗಳದು. ಎರಡು ವರ್ಣತಂತುಗಳು ಎರಡೂ ಕೊನೆಗಳಿಂದ ಜೋಡಿಯಾಗುತ್ತಾ ಬರುವಾಗ ಮೂರನೆಯದೊಂದು ನಡುವೆ ಸಿಕ್ಕಿಕೊಳ್ಳಬಹುದು. ರೇಷ್ಮೆಹುಳುವಿನಲ್ಲಿ ಇಂಥ ಸಿಕ್ಕುಗಳು ಮೊದಲು ಹೆಚ್ಚಾಗಿದ್ದು ಆಮೇಲೆ ಮಾಯವಾಗುವುದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಂದೆಯೇ ಎಣಿಸಲಾಗಿತ್ತು. ಸಿಕ್ಕಾದ ನೂಲಿನ ಲಡಿಯನ್ನು ತುದಿ ಹಿಡಿದು ಕೊಡವಿದಂತೆ ಈ ಚಲನೆ ಅವನ್ನು ಬಿಡಿಸುತ್ತದೆ ಎಂಬುದು ವಾದ. ಕೆಲವನ್ನು ಬಿಡಿಸಲು ಡಿಎನ್‌ಎಯನ್ನು ಕತ್ತರಿಸಿ ಕೂಡಿಸುವ ಟೊಪೊಐಸೊಮರೇಸ್ ಕಿಣ್ವವೂ ಬೇಕೆಂದು ಅರಬಿಡಾಪ್ಸಿಸ್ ಸಸ್ಯದ ಅಧ್ಯಯನ ಸೂಚಿಸಿದೆ.

2016ರಲ್ಲಿ ಇವಾ ತೊಲಿಚ್ ತಂಡ ವಿದಳನ ಯೀಸ್ಟ್‌ನಲ್ಲಿ ಓಡಾಟವನ್ನು ನಿಲ್ಲಿಸಿ ನೋಡಿತು. ವರ್ಣತಂತುಗಳು ದೂರ ಉಳಿಯುವ ಬದಲು ಅತಿಯಾಗಿ ಅಂಟಿಕೊಂಡವು, ಮುಂದೆ ಬೇರ್ಪಡಲು ಕಷ್ಟಪಟ್ಟವು. ಅಂದರೆ ಚಲನೆ ಜೋಡಿಸುವುದಕ್ಕೆ ಮಾತ್ರವಲ್ಲ, ಅತಿಜೋಡಣೆ ತಡೆಯುವುದಕ್ಕೂ ಬೇಕು. ಗುಂಪುಗೂಡಿಸುವ ವಾದದಿಂದ ಈ ಫಲಿತಾಂಶವನ್ನು ವಿವರಿಸಲಾಗದು. ಈಗಿರುವ ಸಾಕ್ಷ್ಯವನ್ನು ತೂಗಿದರೆ ಅಲುಗಾಟದ ವಾದದ ಕಡೆಗೇ ತಕ್ಕಡಿ ವಾಲುತ್ತದೆ. ಗುಚ್ಛವಿಲ್ಲದ ಜೀವಿಗಳೂ ಇದರೊಳಗೆ ಬರುತ್ತವೆ.

ತಪಾಸಣೆಯ ವಾದ

ಮೂರನೆಯ ಪಂಥ ಬೆಳೆದದ್ದು ಮುಖ್ಯವಾಗಿ ದುಂಡುಹುಳುವಿನಲ್ಲಿ. ಅಬಿ ಡರ್ನ್‌ಬರ್ಗ್ ಅವರ ತಂಡ 2009ರಲ್ಲಿ ಡೈನೀನ್ ಅನ್ನು ಕುಗ್ಗಿಸಿದಾಗ ಜೋಡಣಾ ಕೇಂದ್ರಗಳು ತಡವಾಗಿಯಾದರೂ ಭೇಟಿಯಾದವು, ಆದರೆ ಅವುಗಳ ನಡುವೆ ಏಣಿ ಕಟ್ಟುವ ಕೆಲಸ ಶುರುವಾಗಲಿಲ್ಲ. ಇದಕ್ಕೂ ಮೊದಲು ಸನ್-1ರ ಒಂದು ಉತ್ಪರಿವರ್ತನೆಯಲ್ಲಿ ಇದರ ತದ್ವಿರುದ್ಧ ಕಂಡಿತ್ತು: ಸಮಜಾತವಲ್ಲದ ವರ್ಣತಂತುಗಳ ನಡುವೆ ಏಣಿ ಧಾರಾಳವಾಗಿ ಕಟ್ಟಿಕೊಂಡಿತ್ತು. ಎರಡನ್ನೂ ಕೂಡಿಸಿದರೆ ಹೊಳೆಯುವುದು ಇಷ್ಟು. ಪೊರೆಯ ಕೊಂಡಿ ಏಣಿ ಕಟ್ಟುವುದನ್ನು ತಡೆಹಿಡಿದಿರುತ್ತದೆ. ಸರಿಯಾದ ಜೋಡಿ ಸಿಕ್ಕು, ಎಳೆತವನ್ನು ತಾಳಿಕೊಂಡಾಗ ಆ ತಡೆ ತೆರವಾಗುತ್ತದೆ. ಕೊಂಡಿಯ ಮೇಲೆ ಕೂರುವ ಕೈನೇಸ್ ಕಿಣ್ವಗಳು ಜೋಡಣೆ ಮುಗಿಯದಿದ್ದರೆ ಮಿಯಾಸಿಸ್ ಮುಂದುವರಿಯದಂತೆ ನೋಡಿಕೊಳ್ಳುತ್ತವೆ ಎಂಬುದಕ್ಕೂ ಆಧಾರವಿದೆ. ಇತರ ಜೀವಿಗಳಿಗೆ ಇದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಬೇರೆ ಮಾತು.

ಇವುಗಳ ಜೊತೆ ಒಂದು ಬಿಡಿ ವಾದವೂ ಇದೆ. 2007ರಲ್ಲಿ ಕಝುನೊರಿ ತೊಮಿತ ಮತ್ತು ಜೂಲಿಯಾ ಕೂಪರ್, ವಿದಳನ ಯೀಸ್ಟ್‌ನಲ್ಲಿ ಗುಚ್ಛ ಮೂಡದಿದ್ದರೆ ಮುಂದೆ ಕದಿರೇ ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂದು ತೋರಿಸಿದರು. ಇಲ್ಲಿ ಟೆಲೊಮಿಯರ್ ಅಂಟುವುದು ಜೋಡಿ ಹುಡುಕಲು ಮಾತ್ರವಲ್ಲ, ವಿಭಜನೆಯ ಯಂತ್ರವನ್ನೇ ಸಿದ್ಧಪಡಿಸಲು. 2022ರಲ್ಲಿ ಜೀಬ್ರಾ ಮೀನಿನ ಅಂಡಕೋಶಗಳಲ್ಲಿ ಗುಚ್ಛದ ಬಳಿಯ ಸೆಂಟ್ರೊಸೋಮ್‌ನಿಂದ ಹೊರಡುವ ಸೀಲಿಯಂ ಎಂಬ ಕೂದಲಿನಂಥ ಎಳೆಯೊಂದು ಪತ್ತೆಯಾಗಿ, ಅದಕ್ಕೆ ಧಕ್ಕೆಯಾದರೆ ಗುಚ್ಛವೂ ಕೆಡುತ್ತದೆಂದು ವರದಿಯಾಯಿತು.

ಮನುಷ್ಯರಲ್ಲಿ

ಹೆಣ್ಣಿನ ಅಂಡಕೋಶಗಳಲ್ಲಿ ಈ ಅಂಟುವಿಕೆ ನಡೆಯುವುದು ಆಕೆ ಹುಟ್ಟುವ ಮೊದಲು, ತಾಯಿಯ ಗರ್ಭದಲ್ಲಿ. ಗಂಡಿನಲ್ಲಿ ಪ್ರಾಯಕ್ಕೆ ಬಂದ ಮೇಲೆ ಶುರುವಾಗಿ ನಿರಂತರ ನಡೆಯುತ್ತಿರುತ್ತದೆ. ಇಲಿಯಲ್ಲಿ ಪತ್ತೆಯಾದ ವಂಶವಾಹಿಗಳು ಮನುಷ್ಯರಲ್ಲೂ ಇವೆ. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ, ಆದರೆ ನಾಳದಲ್ಲಿ ತಡೆಯೂ ಇಲ್ಲದ ಕೆಲವು ಗಂಡಸರಲ್ಲಿ ಟರ್ಬ್1, ಟರ್ಬ್2, ಮಾಜಿನ್ ವಂಶವಾಹಿಗಳು ಕೆಟ್ಟಿರುವುದು 2021ರಲ್ಲಿ ವರದಿಯಾಯಿತು. ಕ್ಯಾಶ್5ರ ದೋಷಗಳು ಗಂಡಸರ ಸಂತಾನಹೀನತೆಯ ಜೊತೆಗೆ ಹೆಂಗಸರಲ್ಲಿ ಅಂಡಾಶಯ ಅಕಾಲದಲ್ಲಿ ಬತ್ತುವುದರಲ್ಲೂ ಕಂಡಿವೆ. ಇಂಥವರಿಗೆ ಸದ್ಯ ವೈದ್ಯಶಾಸ್ತ್ರ ಕೊಡಬಲ್ಲದ್ದು ಕಾರಣದ ಹೆಸರನ್ನು ಮಾತ್ರ. ಕಾರಣ ಗೊತ್ತಾಗುವುದೂ ಸಣ್ಣದಲ್ಲ. ಫಲ ಕೊಡದ ಚಿಕಿತ್ಸೆಗಳ ಅಲೆದಾಟ ಅದರಿಂದ ತಪ್ಪುತ್ತದೆ.

ಇನ್ನೂ ತೀರ್ಮಾನವಾಗದ್ದು

ತುದಿ ಮೊದಲ ಸಲ ಪೊರೆಯನ್ನು ಹೇಗೆ ತಲುಪುತ್ತದೆ ಎಂಬುದು ತೆರೆದ ಪ್ರಶ್ನೆ. ಕೊಂಡಿಯೂ ಮೋಟಾರೂ ಸಿಗುವುದು ತಲುಪಿದ ಮೇಲೆ. ಅದಕ್ಕೆ ಮೊದಲು ಅದು ತಾನಾಗಿ ತೇಲಿ ಬರುತ್ತದೋ, ಯಾವುದಾದರೂ ತರುತ್ತದೋ ಖಚಿತವಿಲ್ಲ. ಟೊಪ್ಪಿಗೆ ಬದಲಾವಣೆಯ ವಿವರಣೆಗೂ 2017ರ ಇಲಿಗಳಿಗೂ ಹೊಂದಿಕೆಯಾಗಿಲ್ಲ. ಸನ್ ಮತ್ತು ಕ್ಯಾಶ್ ಮೂರು ಮೂರಾಗಿ ಕೂಡುತ್ತವೆಂದು ಮೊದಲ ರಚನೆಗಳು ತೋರಿಸಿದ್ದವು, ಆರು ಆರಾಗಿ ಕೂಡಿ ಪೊರೆಯಲ್ಲಿ ಬಲೆ ಹೆಣೆಯುತ್ತವೆಂಬ ವಾದ ಈಚೆಗೆ ಬಂದಿದೆ. ಬಲ ಒಂದೇ ಗೆರೆಯಲ್ಲಿ ಸಾಗುತ್ತದೋ, ಹಲವು ಕೊಂಡಿಗಳಿಗೆ ಹಂಚಿಹೋಗುತ್ತದೋ ಎಂಬುದು ಇದರ ಮೇಲೆ ನಿಂತಿದೆ. ಸನ್1 ಇಲ್ಲದ ಇಲಿಯಲ್ಲಿ ತುದಿಗಳು ಅಂಟುವುದೇ ಇಲ್ಲ ಎಂದು 2007ರ ವರದಿ ಹೇಳಿದರೆ, ಮುಂದಿನ ಅಧ್ಯಯನ ಸನ್2ರ ನೆರವಿನಿಂದ ಕೆಲವಾದರೂ ಅಂಟುತ್ತವೆ ಎಂದಿತು. ಅಂಟುವಿಕೆಯ ಫಲ ಯಾವುದು, ಚಲನೆಯ ಫಲ ಯಾವುದು ಎಂದು ಬಿಡಿಸಿ ಹೇಳಲು ಕ್ಯಾಶ್5 ಇಲ್ಲದ ಇಲಿ ಸದ್ಯಕ್ಕೆ ಸಿಕ್ಕಿರುವ ಉತ್ತಮ ದಾರಿ. ಅದರಲ್ಲಿ ತುದಿಗಳು ಅಂಟುತ್ತವೆ, ಚಲಿಸುವುದಿಲ್ಲ.

ವಿಕಾಸದ ಪ್ರಶ್ನೆಯೂ ಉಳಿದಿದೆ. ಟರ್ಬ್–ಮಾಜಿನ್ ಗುಂಪು ಪ್ರಾಣಿಗಳ ಪೂರ್ವಜನಷ್ಟೇ ಹಳೆಯದು, ಹಣ್ಣುನೊಣದಲ್ಲೂ ದುಂಡುಹುಳುವಿನಲ್ಲೂ ಅದು ಇಲ್ಲ. ಪೊರೆಯ ಕೊಂಡಿ ಇಷ್ಟು ಸ್ಥಿರವಾಗಿರುವಾಗ ಡಿಎನ್‌ಎಯ ಕಡೆಯ ಕೊಂಡಿ ಜೀವಿಯಿಂದ ಜೀವಿಗೆ ಯಾಕೆ ಬದಲಾಯಿತು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ.

ಎಲ್ಲಕ್ಕಿಂತ ಕಡಿಮೆ ಗಮನ ಪಡೆದಿರುವುದು ಬಿಡುಗಡೆ. ಪ್ಯಾಕಿಟೀನ್ ಮುಗಿಯುವಾಗ ಅಷ್ಟೂ ತುದಿಗಳು ಪೊರೆಯಿಂದ ಕಳಚಬೇಕು, ಹಳೆಯ ಶೆಲ್ಟೆರಿನ್ ಕವಚ ಮರಳಿ ತನ್ನ ಜಾಗಕ್ಕೆ ಬರಬೇಕು. ಅಂಟಿಸುವ ಪ್ರೋಟೀನುಗಳ ಪಟ್ಟಿ ಇಲಿಯ ಮಟ್ಟಿಗೆ ಹೆಚ್ಚುಕಡಿಮೆ ತಯಾರಾಗಿದೆ. ಬಿಡಿಸುವ ಸಂಕೇತ ಎಲ್ಲಿಂದ ಹೊರಡುತ್ತದೆ ಎಂಬುದು ಅಷ್ಟು ಖಚಿತವಾಗಿ ಇನ್ನೂ ತಿಳಿದಿಲ್ಲ.